ಸೋಮವಾರದ ಮುಳ್ಳು

ಆ ವರ್ಷ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಎರಡು ವಸ್ತುಗಳು ಕಾಯುತ್ತಿದ್ದವು. ಒಂದು ಹಾಲು, ಇನ್ನೊಂದು ಕಾರು. ಹಾಲು ಒಮ್ಮೆಯೂ ಉಕ್ಕಲಿಲ್ಲ, ಏಕೆಂದರೆ ಅದರ ಪಕ್ಕದಲ್ಲಿ ನನ್ನ ಹೆಂಡತಿ ಕಾಂತಾ ನಿಂತಿರುತ್ತಿದ್ದಳು. ಕಾರು ವಾರಕ್ಕೆ ಎರಡು ಸಲವಾದರೂ ಉಕ್ಕುತ್ತಿತ್ತು. ಅದರ ಪಕ್ಕದಲ್ಲಿ ನಾನು ನಿಂತಿರುತ್ತಿದ್ದೆ. (ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವಿಲ್ಲ ಎಂದು ನಾನು ಹೇಳುತ್ತೇನೆ. ಇದೆ ಎಂದು ಕಾಂತಾ ಹೇಳುತ್ತಾಳೆ.)

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೆಸರು ಗುರುಪಾದಪ್ಪ. ಬಿ.ಎಸ್ಸಿ., ರಸಾಯನಶಾಸ್ತ್ರ ಮುಖ್ಯ ವಿಷಯ. ಎಪ್ಪತ್ತೇಳನೆಯ ಇಸವಿಯ ದೀಪಾವಳಿಗೆ ನಾನೊಂದು ಹಳೆಯ ಕಾರು ಕೊಂಡು ಅನಗೋಳದ ನಮ್ಮ ಓಣಿಗೆ ತಂದೆ. ಐವತ್ತಾರನೆಯ ಇಸವಿಯದು, ಬೂದು ಬಣ್ಣ. ನಮ್ಮ ಮದುವೆಗಿಂತ ಹತ್ತು ವರ್ಷ ಹಿರಿಯದಾದ್ದರಿಂದ ಕಾಂತಾ ಅದನ್ನು ಮೊದಲ ದಿನದಿಂದಲೂ ಬಹುವಚನದಲ್ಲೇ ಮಾತಾಡಿಸುತ್ತಿದ್ದಳು.

"ಏನ್ರೀ, ಅವರು ಇವತ್ತ ಹೊರಡತಾರೇನು? ಇಲ್ಲಾ ನಾ ಬಸ್ಸಿಗೆ ಹೋಗ್ಲಿ?"

ಹಾಗೆಂದು ಅವಳಿಗೆ ಕಾರಿನ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ನಾನು ಬಚ್ಚಲಿನಲ್ಲಿರುವಾಗ ಬಾನೆಟ್ಟಿಗೆ ಮೂರೆಳೆ ವಿಭೂತಿ ಎಳೆದು, ಹೂವಿಟ್ಟು, ಊದಿನಕಡ್ಡಿ ಬೆಳಗುತ್ತಿದ್ದಳು. ವಿಭೂತಿಯಿಂದ ಇಂಜಿನ್ನಿನ ಕೆಲಸಕ್ಕೆ ಬಾಧೆಯಿಲ್ಲವೆಂದು ಯೋಚಿಸಿ ನಾನು ಅದಕ್ಕೆ ಅಡ್ಡಿ ಮಾಡಿರಲಿಲ್ಲ.

ಡಿಸೆಂಬರಿನಲ್ಲಿ ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಸೋರತೊಡಗಿತು. ದೊಡ್ಡ ಸೋರಿಕೆಯಲ್ಲ, ನಿಮಿಷಕ್ಕೆ ಹನ್ನೊಂದು ಹನಿ. ಆದರೆ ಆ ಹನ್ನೊಂದೂ ಕಾಂತಾಳ ಅಂಗಳದ ರಂಗೋಲಿಯ ನಟ್ಟನಡುವೆ ಬೀಳುತ್ತಿದ್ದವು. ನಾನು ಬಟ್ಟೆ ತೊಳೆಯುವ ಸಾಬೂನನ್ನು ಮೆದುಮಾಡಿ, ದಾರ ಸೇರಿಸಿ ನಾದಿ, ಬಿರುಕಿಗೆ ಮೆತ್ತಿದೆ. ಮರುದಿನ ಏಳು ಹನಿಯಾಯಿತು. ಅದರ ಮರುದಿನ ಎರಡು. ನಾಲ್ಕನೆಯ ದಿನ ಸೋರಿಕೆ ಸಂಪೂರ್ಣ ನಿಂತಿತು. ನಾನು ಈ ಸಾಧನೆಯನ್ನು ನನ್ನ ಚೌಕುಳಿ ಗೆರೆಯ ನೋಟುಪುಸ್ತಕದಲ್ಲಿ ದಾಖಲಿಸಿ, 'ಯಶಸ್ಸಿಗೆ ಏಕಮಾತ್ರ ಕಾರಣ: ಸಾಬೂನು' ಎಂದು ಬರೆದು ಎರಡು ಗೆರೆ ಎಳೆದೆ. ಶಾಲೆಯ ಗೋಡೆಪತ್ರಿಕೆಗೂ 'ಸಾಬೂನಿನ ಅಜ್ಞಾತ ಗುಣಗಳು' ಎಂಬ ಲೇಖನ ಬರೆದೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಕಾಂತಾಳಿಗೆ ಓದಿ ತೋರಿಸಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಭಾಳ ಛಲೋ ಬರದೀರಿ" ಎಂದಳು. ಆ ಹೊಗಳಿಕೆಯನ್ನು ನಾನು ಆಗಲೇ ಅನುಮಾನಿಸಬೇಕಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಹೊಸ ರೋಗ ಹತ್ತಿತು. ಕಾರಿನ ಸ್ಟೀರಿಂಗಿನ ಮುಂದೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದು ಗಡಿಯಾರದಂಥ ಬಿಲ್ಲೆಯಿದೆ. ಅದರೊಳಗಿನ ಮುಳ್ಳು ಇಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುತ್ತದೆ. ಎಡಗಡೆಗಿದ್ದರೆ ತಂಪು, ನಡುವಿಗಿದ್ದರೆ ಕ್ಷೇಮ, ಬಲತುದಿಯ ಕೆಂಪು ಗೆರೆ ಮುಟ್ಟಿದರೆ ಇಳಿದು ನಿಲ್ಲಬೇಕು. ಮೊದಲೆಲ್ಲ ನಡುವಿನಲ್ಲೇ ಇರುತ್ತಿದ್ದ ನಮ್ಮ ಮುಳ್ಳು ಬರಬರುತ್ತ ಬಲಕ್ಕೆ ವಾಲತೊಡಗಿತು; ಬೆಳಿಗ್ಗೆ ನಿಂತಲ್ಲೇ ಇಂಜಿನ್ ಓಡಿಸಿದರೆ ವಾರಕ್ಕೆ ಎರಡು ಸಲ ನೀರು ಉಕ್ಕುತ್ತಿತ್ತು.

ನಾನು ಗಾಬರಿಯಾಗಲಿಲ್ಲ. ನೋಟುಪುಸ್ತಕದಲ್ಲಿ ಕೋಷ್ಟಕ ಹಾಕಿದೆ: ದಿನಾಂಕ, ವಾರ, ಹೊರಗಿನ ಉಷ್ಣತೆ, ಓಡಿದ ದೂರ, ಮುಳ್ಳಿನ ಸ್ಥಾನ, ನೀರಿನ ಬಣ್ಣ. ಎರಡು ತಿಂಗಳ ಅಂಕಿಅಂಶಗಳಿಂದ ಒಂದು ನಕ್ಷೆ ಬರೆದಾಗ ವಿಚಿತ್ರವೊಂದು ಕಂಡಿತು. ಮುಳ್ಳು ದಿನದಿಂದ ದಿನಕ್ಕೆ ಏರುತ್ತಿರಲಿಲ್ಲ. ಇಡೀ ವಾರ ಒಂದೇ ಮಟ್ಟದಲ್ಲಿದ್ದು, ಪ್ರತಿ ಸೋಮವಾರ ಒಂದು ಮೆಟ್ಟಿಲು ಮೇಲೆ ಹತ್ತುತ್ತಿತ್ತು. ನಕ್ಷೆ ನೋಡಲು ಥೇಟು ಪಾವಟಿಗೆಯ ಹಾಗಿತ್ತು.

"ಕಾಂತಾ, ಸೋಮವಾರ ಅಷ್ಟೇ ಯಾಕ ಏರತೈತಿ?"

"ಸೋಮವಾರ ಬಸವಣ್ಣನ ವಾರ. ಎತ್ತಿಗೇ ನೊಗ ಹೂಡಂಗಿಲ್ಲ. ನೀವು ಅವರನ್ನ ದುಡಸ್ತೀರಿ. ಸಿಟ್ಟು ಬರೂದಿಲ್ಲೇನು?"

ನಾನು ವಿಜ್ಞಾನ ಓದಿದವನು. 'ವಾರ ಎಂಬುದು ಉಷ್ಣತೆಯ ಮೇಲೆ ಪರಿಣಾಮ ಬೀರಬಲ್ಲ ಭೌತಿಕ ಅಂಶವಲ್ಲ. ಸೋಮವಾರದ ಏರಿಕೆ ಕೇವಲ ಕಾಕತಾಳೀಯ' ಎಂದು ಬರೆದು, ವಾರದ ಕಾಲಮನ್ನೇ ಹೊಡೆದುಹಾಕಿದೆ. ನೀರಿನ ಬಣ್ಣದ ಕಾಲಮಿನಲ್ಲಿ 'ಹಳದಿ. ಕಬ್ಬಿಣದ ತುಕ್ಕು' ಎಂದಿತ್ತು. ಅದನ್ನು ಹಾಗೆಯೇ ಬಿಟ್ಟೆ.

ಇಷ್ಟರಲ್ಲಿ ಖಾನಾಪುರದಿಂದ ಕಾಗದ ಬಂತು. ಖಾನಾಪುರ ಕಾಂತಾಳ ತವರು. ಅವಳ ತಂಗಿ ಗೌರವ್ವನನ್ನು ಬೆಳಗಾವಿಯ ಶಹಾಪುರಕ್ಕೆ ಕೊಟ್ಟಿತ್ತು. ಮದುವೆಯಾಗಿ ಏಳು ವರ್ಷಕ್ಕೆ ಅವಳು ಬಸುರಿಯಾಗಿದ್ದಳು. ಮಾರ್ಚಿನ ಎರಡನೆಯ ಸೋಮವಾರ ಗಂಡನ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ. ನಮ್ಮ ಕಡೆ ಆ ದಿನ ತವರಿನಿಂದ ಬುತ್ತಿ ಬರಬೇಕು, ಹನ್ನೆರಡರೊಳಗೆ ತಾಯಿ ಮಗಳಿಗೆ ಉಡಿ ತುಂಬಿ ಆರತಿ ಬೆಳಗಬೇಕು. ತಾಯಿ ಬರದಿದ್ದರೆ ಕಾರ್ಯ ನಿಲ್ಲುವುದಿಲ್ಲ, ಆ ಕೆಲಸವನ್ನು ಅತ್ತೆ ಮಾಡುತ್ತಾಳೆ. ಗೌರವ್ವನ ಅತ್ತೆ ಶಿವಬಸವ್ವನವರು ಗಡಿಯಾರ ನೋಡಿ ಉಸಿರು ಬಿಡುವಂಥವರು.

ತಾಯಿ ಎಂದರೆ ನನ್ನ ಅತ್ತೆ ಕಾಶವ್ವ. ಏಳು ವರ್ಷದಿಂದ ಈ ಒಂದು ದಿನಕ್ಕಾಗಿ ಕಾದವರು. ಆದರೆ ಅವರ ಮೊಣಕಾಲು ಕೆಟ್ಟಿದ್ದವು. ಹಿಂದಿನ ಸಲ ಬಸ್ಸಿನ ಮೆಟ್ಟಿಲು ಹತ್ತಿಸಲು ಮೇಲಿನಿಂದ ಕಂಡಕ್ಟರ್ ಎಳೆದು, ಕೆಳಗಿನಿಂದ ಇಬ್ಬರು ಹೆಂಗಸರು ನೂಕಬೇಕಾಗಿತ್ತು. ಇಳಿದ ಮೇಲೆ "ಇನ್ನ ಬಸ್ಸಿನ ಮಾತು ತಗೀಬ್ಯಾಡ್ರಿ, ಜೀವಂತ ಇರೂತನಕ" ಎಂದಿದ್ದರು. ರೈಲಿನ ಮೆಟ್ಟಿಲು ಇನ್ನೂ ಎತ್ತರ.

"ನೋಡ್ರೀ, ಅವ್ವಗ ನಾ ಮಾತು ಕೊಟ್ಟೀನಿ" ಎಂದಳು ಕಾಂತಾ. "ಅಳಿಯಂದ್ರು ಕಾರ್ ತಗೊಂಡ ಬರ್ತಾರ, ಬಾಗಲಿಂದ ಬಾಗಲಿಗೆ ಒಯ್ತಾರ ಅಂತ ಬರದೀನಿ. ಇವರು ನಡುದಾರ್ಯಾಗ ಕೈ ಕೊಟ್ರ ನಾ ಸುಮ್ಮ ಇರಾಂಗಿಲ್ಲ."

"ಇವರು ಅಂದ್ರ ಕಾರೋ, ನಾನೋ?"

"ಇಬ್ಬರೂ."

ಉಳಿದಿದ್ದುದು ಆರು ದಿನ. ನಾನು ಉದ್ಯಮಬಾಗಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಸಿದರಾಯನ ಬಳಿಗೆ ಹೋದೆ. ಅವನು ಬಾನೆಟ್ಟು ಎತ್ತಿ, ಒಂದು ಕೈ ರೇಡಿಯೇಟರಿನ ಮೇಲೆ, ಇನ್ನೊಂದು ಕೈ ಅದರ ಬುಡಕ್ಕೆ ಇಟ್ಟ.

"ಮ್ಯಾಲ ಸುಡತೈತಿ, ಕೆಳಗ ತಣ್ಣಗೈತಿ. ಕಟ್ಟಿಕೊಂಡೈತ್ರಿ ಸರ. ಹೊಳ್ಳಿಸಿ, ಕೆಳಗಿಂದ ಮ್ಯಾಲ ನೀರು ಬಿಟ್ಟು ತೊಳದು ಕೊಡತೀನಿ. ಒಂದು ತಾಸಿನ ಕೆಲಸ."

"ತೊಳದ್ರ ರೋಗ ಹೋಗಬಹುದು ಸಿದರಾಯ. ಆದ್ರ ರೋಗ ಯಾವುದು ಅಂತ ತಿಳಿಯೂದು ಹೆಂಗ?"

ಸಿದರಾಯ ಬಾನೆಟ್ಟು ಇಳಿಸಿ ಕೈ ಒರೆಸಿಕೊಂಡ. "ಹೋದ ಮ್ಯಾಲ ಯಾಕ ತಿಳೀಬೇಕ್ರಿ?" ಎಂದ.

ಶಾಸ್ತ್ರೀಯ ಶಿಕ್ಷಣವಿಲ್ಲದವರ ಜೊತೆ ವಾದಿಸಬಾರದೆಂದು ನಾನು ಕಾರು ತಿರುಗಿಸಿಕೊಂಡು ಬಂದೆ. ಮನೆಗೆ ಬಂದು ಐದು ಆರೋಪಿಗಳ ಪಟ್ಟಿ ಮಾಡಿದೆ. ಒಂದು, ನೀರು ಕಡಿಮೆಯಿರುವುದು. ಎರಡು, ಗಾಳಿ ಬೀಸುವ ಫ್ಯಾನಿನ ಬೆಲ್ಟು ಸಡಿಲಾಗಿರುವುದು. ಮೂರು, ಥರ್ಮೋಸ್ಟ್ಯಾಟ್ ಕೆಟ್ಟಿರುವುದು. ನಾಲ್ಕು, ಮುಳ್ಳೇ ಸುಳ್ಳು ಹೇಳುತ್ತಿರುವುದು. ಐದು, ರೇಡಿಯೇಟರ್ ಕಟ್ಟಿಕೊಂಡಿರುವುದು. ದಿನಕ್ಕೊಬ್ಬರ ವಿಚಾರಣೆ. ಮಂಗಳವಾರ ನೀರು ನಿರ್ದೋಷಿಯಾಯಿತು. ಬುಧವಾರ ಬೆಲ್ಟು.

ಗುರುವಾರ ಥರ್ಮೋಸ್ಟ್ಯಾಟಿನ ಸರದಿ. ಇದು ಇಂಜಿನ್ನಿನ ನೀರಿನ ದಾರಿಯಲ್ಲಿ ಕೂತ, ಅಂಗೈಯೊಳಗೆ ಹಿಡಿಸುವಷ್ಟು ಪುಟ್ಟ ಹಿತ್ತಾಳೆಯ ದ್ವಾರಪಾಲಕ. ನೀರು ಸಾಕಷ್ಟು ಬಿಸಿಯಾದಾಗ ತಾನೇ ಬಾಗಿಲು ತೆರೆದು ಅದನ್ನು ತಣಿಯಲು ರೇಡಿಯೇಟರಿಗೆ ಕಳಿಸುತ್ತದೆ. ನಮ್ಮದರ ಮೇಲೆ ನೂರಾ ಎಂಬತ್ತು ಫ್ಯಾರನ್‌ಹೀಟ್ ಎಂದು ಒತ್ತಿತ್ತು. ಅಂದರೆ ಎಂಬತ್ತೆರಡು ದಶಾಂಶ ಎರಡು ಸೆಲ್ಸಿಯಸ್. ಅದು ಸರಿಯಾಗಿ ಅಷ್ಟಕ್ಕೇ ತೆರೆಯುತ್ತದೆಯೋ ಇಲ್ಲವೋ ನೋಡಬೇಕಾದರೆ ನೀರಿನಲ್ಲಿ ಮುಳುಗಿಸಿ ಕಾಯಿಸಬೇಕು. ನಾನು ಶಾಲೆಯ ಪ್ರಯೋಗಾಲಯದಿಂದ ಥರ್ಮಾಮೀಟರ್ ತಂದು, ಅಡುಗೆಮನೆಯ ಗೂಟಕ್ಕೆ ದಾರ ಕಟ್ಟಿ ಇಳಿಬಿಟ್ಟು, ಸ್ಟೋವ್ ಹಚ್ಚಿದೆ. ತಳ ಅಗಲವಾಗಿ, ಬಾಯಿ ಚಿಕ್ಕದಾಗಿ ಪ್ರಯೋಗಕ್ಕೆ ಹೇಳಿಮಾಡಿಸಿದಂತಿದ್ದ ಪಾತ್ರೆ ಒಂದೇ ಇತ್ತು.

"ಏನ್ರೀ! ಅದು ಹಾಲಿನ ಬೋಗಾಣಿ!"

"ಗೊತ್ತೈತಿ. ತೊಳದು ಕೊಡತೀನಿ."

"ಗ್ರೀಸ್ ಹತ್ತಿದ್ದು ತೊಳದ್ರ ಹೋಗತೈತೇನ್ರಿ? ನಾಳೆ ಚಹಾದಾಗ ಡೀಸೆಲ್ ವಾಸನಿ ಬಂದ್ರ?"

"ಇದು ಪೆಟ್ರೋಲಿನ ಗಾಡಿ."

"ಹಂಗಾರ ಪೆಟ್ರೋಲಿನ ವಾಸನಿ!"

"ಕಾಂತಾ, ಸ್ವಲ್ಪ ಸುಮ್ಮನಿರು. ಎಪ್ಪತ್ತೊಂಬತ್ತು ಆಗೇತಿ... ಎಂಬತ್ತು... ಎಂಬತ್ತೊಂದು... ನೋಡು ನೋಡು, ತೆರೀತು! ಎಂಬತ್ತೆರಡು!"

ಅವಳು ಬಗ್ಗಿ ನೋಡಿದಳು. ಹಿತ್ತಾಳೆಯ ಬಾಗಿಲು ಹೂವಿನಂತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಕ್ಷಣ ಅವಳ ಮುಖದಲ್ಲಿ ಬೆರಗು ಕಂಡಿತು. ಆಮೇಲೆ ಕೇಳಿದಳು:

"ಅಂದ್ರ ಇದು ಸರಿ ಐತಿ?"

"ಅಗದೀ ಸರಿ ಐತಿ."

"ಸರಿ ಇದ್ದದ್ದನ್ನ ನೋಡಾಕ ನನ್ನ ಬೋಗಾಣಿ ಕೆಡಸಿದ್ರಿ?"

ನಾನು ಮಾತು ಬದಲಿಸಲು, ಬೆಳಗಾವಿ ಸಮುದ್ರಮಟ್ಟದಿಂದ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರಕ್ಕಲ್ಲ, ತೊಂಬತ್ತೇಳೂವರೆಗೇ ಕುದಿಯುತ್ತದೆ ಎಂಬ ಸ್ವಾರಸ್ಯಕರ ಸಂಗತಿಯನ್ನು ತಿಳಿಸಿದೆ.

"ಹೌದ? ಅದಕ್ಕ ನಮ್ಮ ಬ್ಯಾಳಿ ಬೇಯಾಕ ಅಷ್ಟೊತ್ತು ಹಿಡೀತೈತಿ? ಹನ್ನೆರಡು ವರ್ಷದಿಂದ ನೀನ ಬೆಂಕಿ ಸಣ್ಣ ಇಡ್ತೀ ಅಂತ ನನಗ ಬೈತೀರಲ್ರೀ!"

ವಿಜ್ಞಾನದ ಮಾಹಿತಿಯನ್ನು ಮನೆಯೊಳಗೆ ಎಷ್ಟು ಬೇಕೋ ಅಷ್ಟೇ ಬಿಡಬೇಕೆಂದು ನನಗೆ ಅಂದು ತಿಳಿಯಿತು.

ಒಂದೇ ಸಲ ಮಾಡಿದ ಪ್ರಯೋಗ ಪ್ರಯೋಗವಲ್ಲ. ಮೂರು ಸಲ ಮಾಡಿ ಸರಾಸರಿ ತೆಗೆಯಬೇಕೆಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಆದ್ದರಿಂದ ಶುಕ್ರವಾರ ಮತ್ತೆ ಬೋಗಾಣಿ. ಶನಿವಾರ ಮತ್ತೆ. (ಸರಾಸರಿ ಎಂಬತ್ತೆರಡು ದಶಾಂಶ ಒಂದು.) ಶನಿವಾರ ಅದೇ ಬಿಸಿನೀರಿನಲ್ಲಿ ಮುಳ್ಳಿನ ತಂತಿಯ ತುದಿಯನ್ನೂ ಅದ್ದಿ ನೋಡಿದ್ದಾಯಿತು. ಮುಳ್ಳು ಸತ್ಯವನ್ನೇ ನುಡಿಯುತ್ತಿತ್ತು. ಭಾನುವಾರ ಉಡಿಯ ಸೀರೆ, ಹಸಿರು ಬಳೆ, ಕೊಬ್ಬರಿ, ಉತ್ತತ್ತಿ ಕೊಳ್ಳಲು ಕಾಂತಾ ನನ್ನನ್ನು ಇಡೀ ದಿನ ಪೇಟೆಯಲ್ಲಿ ಅಲೆದಾಡಿಸಿದಳು. ಹೀಗೆ ನಾಲ್ಕು ಆರೋಪಿಗಳು ಖುಲಾಸೆಯಾಗಿ, ಐದನೆಯವನ ವಿಚಾರಣೆಗೆ ದಿನವೇ ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕಾಂತಾ ಎಂದಿಗಿಂತ ಹೆಚ್ಚು ಹೊತ್ತು ಕಾರಿನ ಪೂಜೆ ಮಾಡಿದಳು. ಏಳಕ್ಕೆ ಹೊರಟೆವು. ತಂಪು ಹವೆ, ಖಾಲಿ ರಸ್ತೆ, ಗಂಟೆಗೆ ನಲವತ್ತು ಕಿಲೋಮೀಟರ್ ಮೀರದಂತೆ ನಾನು. ಮಚ್ಛೆ, ದೇಸೂರು ದಾಟಿ, ಎಂಟೂಕಾಲಿಗೆ ಖಾನಾಪುರ ಮುಟ್ಟಿದಾಗ ಮುಳ್ಳು ಕೆಂಪಿನ ಹತ್ತಿರಕ್ಕೆ ಹೋಗಿತ್ತೇ ಹೊರತು ಮುಟ್ಟಿರಲಿಲ್ಲ.

"ನೋಡಿದೇನು?" ಎಂದೆ.

"ಇನ್ನ ಹೊಳ್ಳಿ ಹೋಗೂದೈತಿ" ಎಂದಳು.

ಅತ್ತೆಯವರು ಬೆಳಗಿನ ನಾಲ್ಕರಿಂದ ಬುತ್ತಿ ಕಟ್ಟುತ್ತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಗಡಬು, ಹೋಳಿಗೆ, ಶೇಂಗಾ ಚಟ್ನಿ, ಮಡಿಕೆಯಲ್ಲಿ ಮೊಸರನ್ನ. ನನ್ನ ಅಂದಾಜಿನಲ್ಲಿ ಇಪ್ಪತ್ತೆರಡು ಕಿಲೋ. ಎಲ್ಲ ತುಂಬಿ, ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕುಳ್ಳಿರಿಸುವಾಗ ಹತ್ತು ಗಂಟೆ ಹತ್ತು ನಿಮಿಷ. ಅವರು ಮೊದಲು ಸೀಟನ್ನು ಮುಟ್ಟಿ ನಮಸ್ಕಾರ ಮಾಡಿದರು. ಹಸಿರು ಇಳಕಲ್ ಸೀರೆಯ ನೆರಿಗೆ ಸರಿಪಡಿಸಿ, ಎಲೆ ಅಡಿಕೆಯ ಸಂಚಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕಾಲು ಮುಂದೆ ಚಾಚಿದರು.

"ಕಾಲು ನೀಡಾಕ ಬರತೈತಿ ನೋಡ ಕಾಂತೀ" ಎಂದು ಹಿಂದಿನ ಸೀಟಿಗೆ ಹೇಳಿದರು. ಆ ದನಿ ಕೇಳಿ, ಈ ಕಾರು ಕೊಂಡದ್ದು ಸಾರ್ಥಕವಾಯಿತೆಂದು ನನಗೆ ಮೊದಲ ಬಾರಿಗೆ ಅನಿಸಿತು.

ಬಿಸಿಲೇರಿತ್ತು. ದೇಸೂರಿನಲ್ಲಿ ಮುಳ್ಳು ಕೆಂಪು ಮುಟ್ಟಿತು. ಮಚ್ಛೆಯ ಕಾರ್ಖಾನೆಗಳ ಬಳಿ ಬಾನೆಟ್ಟಿನ ಸಂದಿನಿಂದ ಉಗಿ ಹೊರಟಿತು. ಆಗ ಗಂಟೆ ಹತ್ತು ಐವತ್ತೆರಡು. ಒಂದು ಚಿಕ್ಕ ಕಾರ್ಖಾನೆಯ ಗೇಟಿನ ಮುಂದೆ ಬೇವಿನ ಮರದ ನೆರಳಿಗೆ ಕಾರನ್ನು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಉಡಿಯ ಗಂಟು ಬಿಚ್ಚಿ ಮತ್ತೆ ಕಟ್ಟುವ ಸದ್ದು ಕೇಳಿತು. ಕಾಂತಾ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇಪ್ಪತ್ತೈದು ನಿಮಿಷ ಮುಚ್ಚಳಾ ತೆಗೆಯೂಹಂಗಿಲ್ಲ" ಎಂದೆ. "ಕುದಿಯೂ ನೀರು ಮುಖಕ್ಕ ಹಾರತೈತಿ."

"ಇಪ್ಪತ್ತೈದ? ಅಲ್ಲಿ ಹನ್ನೆರಡು ಹೊಡೀತಾವು!"

"ಅಳಿಯಂದ್ರು ಖರೇ ಹೇಳತಾರ" ಎಂದರು ಅತ್ತೆ. "ಎಸರು ಇಳಿಯೂತನಕ ಮುಚ್ಚಳಾ ಮುಟ್ಟಬಾರದು."

ಹನ್ನೊಂದು ಗಂಟೆಗೆ ಬೆಳಗಾವಿಯ ಬಸ್ಸು ಬಂತು. ಕಾಂತಾ ಓಡಿಹೋಗಿ ಕೈ ಮಾಡಿದಳು. ಬಸ್ಸು ನಿಂತಿತು. ಅತ್ತೆಯವರು ಕಾರಿನ ಬಾಗಿಲು ತೆರೆದು ಬಸ್ಸಿನ ಮೆಟ್ಟಿಲನ್ನು ನೋಡಿದರು. ನೋಡಿ, ಸೆರಗು ಸರಿಪಡಿಸಿಕೊಂಡರು.

"ನೀ ಹೋಗ ಕಾಂತೀ. ಉಡಿ ಸಾಮಾನಾ ಒಯ್ಯಿ. ಅಕ್ಕ ತುಂಬಿದ್ರೂ ನಡೀತೈತಿ."

"ನಡಿಯಂಗಿಲ್ಲವ್ವಾ. ನೀ ಇಲ್ದ ನಾ ತುಂಬಂಗಿಲ್ಲ."

ಕಂಡಕ್ಟರ್ ಇಬ್ಬರನ್ನೂ ನೋಡಿ, ಸಿಳ್ಳೆ ಊದಿ, ಹೊರಟುಹೋದ. ಅತ್ತೆ ಸಂಚಿ ಬಿಚ್ಚಿ ಅಡಿಕೆ ಕತ್ತರಿಸತೊಡಗಿದರು. ನಾನು ಬಾನೆಟ್ಟಿನ ಹಿಂದೆ ಅಡಗಿಕೊಂಡೆ.

ಹನ್ನೊಂದು ಹದಿನೇಳಕ್ಕೆ ಬಟ್ಟೆ ಸುತ್ತಿ ಮುಚ್ಚಳ ತೆಗೆದೆ. ನೀರು ಖಾಲಿ ಮಾಡಲೆಂದು ಬುಡದ ನಲ್ಲಿ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ಕಾಂತಾಳ ತಲೆಯ ಪಿನ್ನು ಇಸಿದುಕೊಂಡು ಒಳಗೆ ಚುಚ್ಚಿದೆ. ಮೊದಲು ಒಂದು ಮುದ್ದೆ ಬಂತು. ಆಮೇಲೆ ಪುಸಕ್ಕನೆ ಗಟ್ಟಿ ಹಳದಿ ನೀರು ನನ್ನ ಬಿಳಿ ಅಂಗಿಯ ಮೇಲೆಲ್ಲ ಹಾರಿತು.

"ತುಕ್ಕು!" ಎಂದು ನಾನು ಘೋಷಿಸಿದೆ. "ನಾ ಮೊದಲ ಬರದಿದ್ದೆ. ಇಂಜಿನ್ನಿನ ಒಳಗಿನ ಕಬ್ಬಿಣ ಕರಗಾಕ್ಹತ್ತೇತಿ. ಫೆರಿಕ್ ಹೈಡ್ರಾಕ್ಸೈಡ್."

"ಇಲ್ಲಿ ತರ್ರಿ ನೋಡೂಣು" ಎಂದರು ಅತ್ತೆ ಕೂತಲ್ಲಿಂದಲೇ.

ಬುತ್ತಿಯ ಡಬ್ಬಿಯೊಂದರ ಮುಚ್ಚಳದಲ್ಲಿ ಸ್ವಲ್ಪ ಹಿಡಿದು ಕೊಟ್ಟೆ. ಅವರು ಅದನ್ನು ಮೂಗಿನ ಹತ್ತಿರ ತಂದರು. (ನಾನೂ ಮೂಸಿ ನೋಡಬಹುದಾಗಿತ್ತು. ಆದರೆ ಹತ್ತು ವರ್ಷ ಪ್ರಯೋಗಾಲಯದ ಹೈಡ್ರೋಜನ್ ಸಲ್ಫೈಡ್ ಕುಡಿದ ನನ್ನ ಮೂಗಿಗೆ ಕೊಳೆತ ಮೊಟ್ಟೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ.)

"ಅಳಿಯಂದ್ರ, ನಿಮ್ಮ ಗಾಡೀದು ಲಗ್ನ ಐತೇನ್ರಿ?"

"ಯಾಕ್ರೀ ಅತ್ತಿ?"

"ಮೈತುಂಬ ಅರಿಷಿಣ ಹಚ್ಚೀರಲ್ಲ!"

"ಅರಿಷಿಣ ಅಲ್ರೀ, ಅದು ಕಬ್ಬಿಣದ..."

ಅವರು ನನ್ನ ಮಾತು ಮುಗಿಯಲು ಕಾಯಲಿಲ್ಲ. ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಕಾಳಿನಷ್ಟು ಸುಣ್ಣ ತೆಗೆದು, ಆ ಹಳದಿ ನೀರಿಗೆ ಹಾಕಿ ಕಲಸಿದರು. ನನ್ನ ಕಣ್ಣೆದುರಿಗೇ ನೀರು ಕೆಂಪಗೆ, ಕುಂಕುಮದಷ್ಟು ಕೆಂಪಗೆ ತಿರುಗಿತು.

"ನೋಡ್ರಿಲ್ಲೆ. ಆರತಿ ನೀರು. ಕಬ್ಬಿಣಕ್ಕ ಹಿಂಗ ಆಕ್ಕೈತೇನು?"

ಪ್ರತಿ ಜೂನ್ ತಿಂಗಳಲ್ಲಿ ನಾನು ಎಂಟನೆಯ ಇಯತ್ತೆಯ ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಿಸುತ್ತೇನೆ. ಅರಿಶಿನದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ, ಅದರ ಮೇಲೆ ಸುಣ್ಣದ ತಿಳಿ ಬಿಟ್ಟು, "ಪ್ರತ್ಯಾಮ್ಲದಲ್ಲಿ ಅರಿಶಿನ ಕೆಂಪಾಗುತ್ತದೆ, ನೆನಪಿಡಿ" ಎನ್ನುತ್ತೇನೆ. ಹತ್ತು ವರ್ಷದಲ್ಲಿ ಕಡಿಮೆಯೆಂದರೆ ಐನೂರು ಮಕ್ಕಳು ನೆನಪಿಟ್ಟಿದ್ದಾರೆ. ನಾನೊಬ್ಬ ಮರೆತಿದ್ದೆ.

ನಾನು ನಿಧಾನಕ್ಕೆ ಕಾಂತಾಳ ಕಡೆ ತಿರುಗಿದೆ. ಅವಳು ದೂರದ ಒಂದು ಚಿಮಣಿಯ ಹೊಗೆಯನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದಳು.

"ಕಾಂತಾ."

"ಸಿದರಾಯನ ಹೇಳಿದ್ದ" ಎಂದಳು ಚಿಮಣಿಗೆ. "ಡಿಸೆಂಬರ್‌ದಾಗ. ಸೋರೂದು ನಿಲ್ಲಬೇಕಂದ್ರ ಅರಿಷಿಣಪುಡಿ ಹಾಕ್ರಿ ಅಕ್ಕಾರ, ತೂತಿನ್ಯಾಗ ಹೋಗಿ ಕುಂದರತೈತಿ, ಲಾರಿಯವ್ರೆಲ್ಲ ಹಾಕತಾರ ಅಂತ."

"ಎಷ್ಟು ಹಾಕು ಅಂದಿದ್ದ?"

"ಒಂದ ಚಿಟಿಕಿ."

"ನೀ ಎಷ್ಟು ಹಾಕಿದಿ?"

"ಸೋಮವಾರಕ್ಕೊಂದು ಚಮಚಾ. ಪೂಜಾ ಮಾಡೂ ಮುಂದ."

ಹದಿಮೂರು ಸೋಮವಾರ. ನನ್ನ ನಕ್ಷೆಯ ಪಾವಟಿಗೆಗಳೆಲ್ಲ ಕಣ್ಣಮುಂದೆ ಬಂದವು. ನನ್ನ ಅಂಕಿಅಂಶಗಳು ಎಷ್ಟೊಂದು ನಿಖರವಾಗಿದ್ದವು!

"ಇವತ್ತ?"

"ಇವತ್ತ ಎರಡು. ಅವ್ವ ಕೂಡಾಕಿದ್ದಳಲ್ಲ... ಅರಿಷಿಣ ಹಾಕಿದ್ರ ಕೆಡೂದು ಯಾವುದೈತ್ರೀ?"

"ಮತ್ತ ನನಗ ಯಾಕ ಹೇಳಲಿಲ್ಲ?"

ಅವಳು ಈಗ ನನ್ನ ಕಡೆ ತಿರುಗಿದಳು. "ಹೇಳಾಕ ಬಂದಿದ್ದೆ. ನೀವು ಆಗ ಸಾಬೂನಿಂದ ನಿಂತತಿ ಅಂತ ಬರದು, ಎರಡು ಗೆರಿ ಎಳದು, ಓದಿ ತೋರಿಸಿದ್ರಿ. ಮದಿವಿಯಾದಾಗಿಂದ ನಿಮ್ಮನ್ನ ಅಷ್ಟು ಖುಷೀಲಿ ನೋಡಿರಲಿಲ್ಲ. ಅದನ್ನ ಯಾಕ ಕೆಡಸೂದು ಅಂತ..."

ನಾನು ಅಂಗಿಯ ಮೇಲಿನ ಹಳದಿಯನ್ನು ಒರೆಸತೊಡಗಿದೆ. ಇಷ್ಟು ಹೊತ್ತು ಗೇಟಿನೊಳಗಿನಿಂದ ನಮ್ಮ ಸಂಸಾರವನ್ನು ನೋಡುತ್ತ ನಿಂತಿದ್ದ ಕಾರ್ಖಾನೆಯ ಕಾವಲುಗಾರ ಬಂಡೆಪ್ಪ ಆಗ ಬಾಯಿಬಿಟ್ಟ:

"ಸಾಹೇಬ್ರ, ಜಗಳಾ ಮುಗದಿದ್ರ ಪೈಪ್ ತರ್ಲೇನ್ರಿ? ಕೆಳಗಿಂದ ನೀರು ಬಿಟ್ರ ಮ್ಯಾಲ ಬರತೈತಿ, ಹೊಲಸೆಲ್ಲಾ ಹೊರಗ ಬೀಳತೈತಿ."

ಒಂದು ವಾರದ ಹಿಂದೆ ಸಿದರಾಯ ಹೇಳಿದ್ದೂ ಇದನ್ನೇ. ಬುಡದ ರಬ್ಬರ್ ಕೊಳವೆ ಬಿಚ್ಚಿ, ಬಂಡೆಪ್ಪನ ಪೈಪು ಸಿಕ್ಕಿಸಿ ನೀರು ಬಿಟ್ಟೆವು. ಮೂರು ತಿಂಗಳ ಅರಿಶಿನ ಮುದ್ದೆಮುದ್ದೆಯಾಗಿ ಮೇಲಿನ ಬಾಯಿಂದ ಉಕ್ಕಿ, ಇಳಿದು, ಮಚ್ಛೆಯ ರಸ್ತೆಯನ್ನು ಮದುವೆಮನೆಯ ಅಂಗಳ ಮಾಡಿತು. ಹತ್ತು ನಿಮಿಷಕ್ಕೆ ತಿಳಿನೀರು ಬಂತು. ಕೊಳವೆ ಬಿಗಿದು, ನೀರು ತುಂಬಿ, ಇಂಜಿನ್ ಚಾಲೂ ಮಾಡಿದೆ. ಹನ್ನೊಂದು ಮೂವತ್ತೆಂಟು.

ಆ ದಿನ ನಾನು ಗಂಟೆಗೆ ನಲವತ್ತನ್ನು ಮೀರಿದೆ. ಉದ್ಯಮಬಾಗ ಹೋಯಿತು, ಅನಗೋಳ ಹೋಯಿತು. ಮುಳ್ಳು ನಟ್ಟನಡುವೆ ನಿಂತದ್ದು ಅಲುಗಲಿಲ್ಲ. ಅತ್ತೆ ಒಂದು ಕೈಯಲ್ಲಿ ಸಂಚಿ, ಇನ್ನೊಂದು ಕೈಯಲ್ಲಿ ಬಾಗಿಲಿನ ಹಿಡಿಕೆ ಹಿಡಿದು, "ಸಾವಕಾಶ ಅಳಿಯಂದ್ರ, ಸಾವಕಾಶ... ಇನ್ನೊಂದೀಟು ಜೋರ್ ಹೊಡೀರಿ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಶಹಾಪುರದ ಮನೆಯ ಮುಂದೆ ಬ್ರೇಕ್ ಹಾಕಿದಾಗ ಹನ್ನೆರಡಕ್ಕೆ ಏಳು ನಿಮಿಷ. ಶಿವಬಸವ್ವನವರು ಆಗಲೇ ಆರತಿ ತಟ್ಟೆ ಕೈಗೆತ್ತಿಕೊಂಡಿದ್ದರು. ಮಣೆಯ ಮೇಲೆ ಹಸಿರು ಸೀರೆಯುಟ್ಟು ಕೂತಿದ್ದ ಗೌರವ್ವ, ತಾಯಿ ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟುವುದನ್ನು ಕಂಡು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಶಿವಬಸವ್ವನವರು ತಟ್ಟೆಯನ್ನು ಕಾಶವ್ವನ ಕೈಗೆ ಕೊಟ್ಟರು. ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರು ತುಳುಕುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

"ಇವರ್ಯಾಕ ಅರಿಷಿಣದ ಮದುಮಗನಂಗ ಬಂದಾರ?" ಎಂದು ಯಾರೋ ಹೆಂಗಸು ನನ್ನ ಅಂಗಿ ನೋಡಿ ಕೇಳಿದಳು.

"ಅದೊಂದು ಪ್ರಯೋಗ" ಎಂದೆ.

ಕಾರ್ಯ ಸಾಂಗವಾಗಿ ಮುಗಿಯಿತು. ಉಡಿ ತುಂಬಿತು, ಬುತ್ತಿ ಬಿಚ್ಚಿತು. ಗಂಡಸರ ಪಂಕ್ತಿಯಲ್ಲಿ ನಾನು ಕೂತು, ಇಂಜಿನ್ನಿನ ಉಷ್ಣತೆಯ ರೋಗನಿದಾನದಲ್ಲಿ ಕ್ರಮಬದ್ಧ ಪರೀಕ್ಷೆಯ ಮಹತ್ವ ಕುರಿತು ನಾಲ್ಕು ಮಾತು ಹೇಳಿದೆ. ಎಲ್ಲರೂ ಗೌರವದಿಂದ ಕೇಳಿದರು. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ ಹೊರಗಿನಿಂದ ಶಿವಬಸವ್ವನವರ ದನಿ ಕೇಳಿತು:

"ಮಾಸ್ತರ, ನಿಮ್ಮ ಗಾಡಿ ನಮ್ಮ ರಂಗೋಲಿ ಮ್ಯಾಲ ಅಳಾಕ್ಹತ್ತೇತಿ ನೋಡ ಬರ್ರಿ!"

ಹೋಗಿ ನೋಡಿದೆ. ರೇಡಿಯೇಟರಿನ ಕೆಳಗೆ, ದೊಡ್ಡ ತಾವರೆಯ ರಂಗೋಲಿಯ ನಟ್ಟನಡುವೆ, ಟಪ್, ಟಪ್. ನಾನು ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಹನ್ನೊಂದು ಹನಿ. ಡಿಸೆಂಬರಿನಲ್ಲಿ ಎಷ್ಟಿತ್ತೋ ಅಷ್ಟೇ. ಬಿರುಕಿನ ಮೇಲೆ ನನ್ನ ಸಾಬೂನು ಮೆತ್ತಿದ ಹಾಗೆಯೇ, ಭದ್ರವಾಗಿ, ನಿರುಪಯೋಗಿಯಾಗಿ ಕೂತಿತ್ತು.

ನಾನು ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗೆ ಇಪ್ಪತ್ತು ಹೆಂಗಸರು ಊಟಕ್ಕೆ ಕೂತಿದ್ದರು.

"ಕಾಂತಾ" ಎಂದೆ, ಆದಷ್ಟು ಸಣ್ಣ ದನಿಯಲ್ಲಿ. "ಸ್ವಲ್ಪ ಬಾ ಇಲ್ಲೆ. ಮತ್ತ ಸೋರಾಕ್ಹತ್ತೇತಿ."

"ಏನ್ರೀ?" ಎಂದಳು, ಆದಷ್ಟು ದೊಡ್ಡ ದನಿಯಲ್ಲಿ. "ಸಾಬೂನ ಬೇಕಾಗಿತ್ತೇನ್ರಿ?"

ಅತ್ತೆಯವರಿಗೇ ಕನಿಕರ ಬಂತು. "ಇರಲಿ ಕಾಂತೀ, ಪಾಪ. ಒಂದ ಚಿಟಿಕಿ ಅರಿಷಿಣ ಕೊಟ್ಟು ಕಳಸು. ಅಳತಿ ಮಾತ್ರ ಅಳಿಯಂದ್ರ ಕೈಯಾಗ ಇರಲಿ."

ಅಂದು ಸಂಜೆ ಮನೆಗೆ ಬಂದು ನೋಟುಪುಸ್ತಕ ತೆರೆದೆ. ಡಿಸೆಂಬರಿನ ಪುಟದಲ್ಲಿ 'ಏಕಮಾತ್ರ ಕಾರಣ: ಸಾಬೂನು' ಎಂಬುದನ್ನು ಹೊಡೆದು, 'ಕಾರಣ: ಕಾಂತಾ' ಎಂದು ತಿದ್ದಿದೆ. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಕೆಳಗ ಎರಡು ಗೆರಿ ಎಳೀರಿ" ಎಂದಳು. ಎಳೆದೆ.

ಆಮೇಲೆ ನಮ್ಮಲ್ಲಿ ಕೆಲಸ ಹಂಚಿಕೆಯಾಯಿತು. ಈಗ ಬೆಳಿಗ್ಗೆ ಕಾರು ಕಾಯುವಾಗ ಅದರ ಪಕ್ಕದಲ್ಲಿ ಕಾಂತಾ ನಿಂತಿರುತ್ತಾಳೆ, ಒಂದು ಕೈ ರೇಡಿಯೇಟರಿನ ಮೇಲೆ, ಒಂದು ಕೈ ಬುಡಕ್ಕೆ. ಕಾರು ಅಂದಿನಿಂದ ಒಮ್ಮೆಯೂ ಉಕ್ಕಿಲ್ಲ. ಹಾಲಿನ ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದುಕೊಂಡು ನಾನು ನಿಂತಿರುತ್ತೇನೆ. ಅದು ತೊಂಬತ್ತೇಳೂವರೆಗೆ ಉಕ್ಕುತ್ತದೆಂದು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ, ಉಕ್ಕಿರುತ್ತದೆ.